ಹಗ್ಗದ ಹಿಡಿ ಹಾಕಿದವನು

ನನ್ನ ಅಣ್ಣನಿಗೆ ಕಾರ್ಖಾನೆಯಲ್ಲಿ ಅನುಮಾನಪ್ಪ ಅಂತ ಹೆಸರಿಟ್ಟಿದ್ದರು. ಆ ಹೆಸರಿಟ್ಟವರು ಯಾರು ಅನ್ನುವುದರ ಬಗ್ಗೆಯೂ ಅವನಿಗೆ ಮೂರು ಜನರ ಮೇಲೆ ಅನುಮಾನವಿತ್ತು. ಪೇಪರು ಬಂದರೆ ಸುದ್ದಿ ಓದುವ ಮೊದಲು ಅದರ ಪಕ್ಕದಲ್ಲಿ ಯಾರ ಜಾಹೀರಾತಿದೆ ಅಂತ ನೋಡುತ್ತಿದ್ದ. ಡಾಕ್ಟರು "ಏನೂ ಇಲ್ಲ, ಬರೀ ಗ್ಯಾಸು" ಅಂದರೆ, "ಏನೂ ಇಲ್ದಿದ್ರೆ ಮೂರು ಥರ ಮಾತ್ರೆ ಯಾಕೆ ಬರೆದ್ರಿ?" ಅಂತ ಕೇಳಿ, ಅವರ ಮುಖ ಸಣ್ಣದು ಮಾಡಿ ಬರುತ್ತಿದ್ದ. ನಾನು ಒಡಹುಟ್ಟಿದ ತಂಗಿ. ಅತ್ತಿಗೆ ತೀರಿಕೊಂಡ ಮೇಲೆ ಅವನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಅವನ ಜೊತೆಯಲ್ಲೇ ಇದ್ದೇನೆ. ನಾನು ಅಂಗಿಗೆ ಗುಂಡಿ ಹಾಕಿಕೊಟ್ಟರೂ ಒಂದು ಸಲ ಎಳೆದು ನೋಡಿಯೇ ತೊಟ್ಟುಕೊಳ್ಳುತ್ತಿದ್ದ.

ಅವನ ಕೆಲಸ ಪ್ಯಾಕಿಂಗ್ ಶೆಡ್ಡಿನಲ್ಲಿ. ಮೂವತ್ತೊಂದು ವರ್ಷ ಒಂದೇ ಶೆಡ್ಡು, ಒಂದೇ ಸುತ್ತಿಗೆ. ಸುತ್ತಿಗೆಯ ಹಿಡಿ ಮಾತ್ರ ನಾಲ್ಕು ಸಲ ಬದಲಾಗಿತ್ತು. ಕಾರ್ಖಾನೆ ತಯಾರಿಸುತ್ತಿದ್ದದ್ದು ಸಣ್ಣ ಎಂಜಿನ್ನು, ಹೊಲಕ್ಕೆ ಔಷಧಿ ಹೊಡೆಯುವ ಯಂತ್ರದ ಬೆನ್ನಿಗೆ ಕೂರಿಸುವಂಥದ್ದು. ಅದನ್ನು ಎಣ್ಣೆ ಕಾಗದದಲ್ಲಿ ಸುತ್ತಿ, ಆಳುದ್ದದ ಮರದ ಪೆಟ್ಟಿಗೆಯಲ್ಲಿ ಎಂಟೆಂಟು ಅಲುಗದ ಹಾಗೆ ಕೂರಿಸಿ, ಮೊಳೆ ಹೊಡೆದು, ಹೊರದೇಶಕ್ಕೆ ಕಳಿಸುವುದು ಇವರ ಪಾಲಿನದು. ಶೆಡ್ಡಿನವರು ಯಾವ ದೇಶವನ್ನೂ ಅದರ ಹೆಸರಿಂದ ಕರೆಯುತ್ತಿರಲಿಲ್ಲ. ಯಾವ ದೇಶದಲ್ಲಿ ಸಾಮಾನು ಯಾವುದರಿಂದ ಕೆಡುತ್ತದೋ ಅದೇ ಆ ದೇಶದ ಹೆಸರು. ಮಳೆ ದೇಶ, ಉಪ್ಪು ದೇಶ, ಹಿಮದ ದೇಶ, ಮರಳು ದೇಶ. ಟಿವಿಯಲ್ಲಿ ಯಾವುದೋ ದೇಶದ ಪ್ರಧಾನಿ ಕೈಕುಲುಕುತ್ತಿದ್ದರೆ ಅಣ್ಣ, "ಇವನು ಉಪ್ಪಿನವನು, ಗ್ರೀಸು ಎರಡು ಪದರ ಹಚ್ಬೇಕು" ಅನ್ನುತ್ತಿದ್ದ.

ಮರಳು ದೇಶದ ಪ್ಯಾಕಿಂಗು ಎಲ್ಲಕ್ಕಿಂತ ಕಷ್ಟದ್ದು. ಅಲ್ಲಿನ ಧೂಳು ಹಿಟ್ಟಿಗಿಂತ ನುಣುಪು, ಎಲ್ಲಿ ಸಂದು ಸಿಕ್ಕಿದರೂ ನುಗ್ಗುತ್ತದೆ. ಎಂಜಿನ್ನಿನ ಬಾಯಿಗೆಲ್ಲ ಮೇಣ ತುಂಬಬೇಕು, ಹಲಗೆಯ ಸಂದಿಗೆ ಬಟ್ಟೆ ಟೇಪು ಎರಡು ಸುತ್ತು ಅಂಟಿಸಬೇಕು. ಅಲ್ಲಿನ ದಾರಿಯಲ್ಲಿ ಕ್ರೇನಿಲ್ಲ, ಎತ್ತುವ ಗಾಡಿಯಿಲ್ಲ, ಮನುಷ್ಯರೇ ಹೊರಬೇಕು. ಹಾಗಾಗಿ ಪೆಟ್ಟಿಗೆಯ ನಾಲ್ಕು ಮೂಲೆಗೂ ತೂತು ಕೊರೆದು ಹಗ್ಗದ ಹಿಡಿ ಹಾಕಬೇಕು. ಹಗ್ಗ ಅಂಗೈ ಕೊಯ್ಯಬಾರದು ಅಂತ ಅಣ್ಣ ನನ್ನ ಹತ್ತಿರ ಚೂರು ಬಟ್ಟೆ ಕೇಳಿ ತೆಗೆದುಕೊಂಡು ಹೋಗುತ್ತಿದ್ದ. ಶಾಲೆ ಮಕ್ಕಳ ಯೂನಿಫಾರಂ ಹೊಲಿದು ಉಳಿದ ಹಸಿರು ಚೌಕಳಿ ಬಟ್ಟೆ ನನ್ನ ಹತ್ತಿರ ಮೂಟೆಗಟ್ಟಲೆ ಇರುತ್ತಿತ್ತು. ಅದನ್ನು ಹಗ್ಗಕ್ಕೆ ಸುತ್ತಿ, ಕೊನೆಯಲ್ಲಿ ಅವನದೇ ಒಂದು ಗಂಟು ಹಾಕುತ್ತಿದ್ದ. ಹಗ್ಗಕ್ಕೆ ಬಟ್ಟೆ ಸುತ್ತು ಅಂತ ಕಂಪನಿ ಕೊಡುವ ಯಾವ ಪ್ಯಾಕಿಂಗ್ ಚೀಟಿಯಲ್ಲೂ ಬರೆದಿರಲಿಲ್ಲ.

"ಕಂಪನಿಯವರು ನಿಂಗೆ ಇದಕ್ಕೆ ಬಿರುದು ಕೊಡ್ತಾರಾ?" ಅಂತ ನಾನು ರೇಗಿಸುತ್ತಿದ್ದೆ.

"ಹೊರೋನಿಗೆ ಗೊತ್ತಾಗುತ್ತೆ, ಸಾಕು," ಅನ್ನುತ್ತಿದ್ದ.

ಹಾಗಿರುವಾಗ ಮರಳು ದೇಶದವರೇ ಎರಡು ಪಾಲಾಗಿ ಅಲ್ಲಿ ಯುದ್ಧ ಶುರುವಾಯಿತು. ಯಾರು ಮೊದಲು ಹೊಡೆದರು, ಯಾರು ಆಮೇಲೆ ಹೊಡೆದರು ಅನ್ನುವುದು ಟಿವಿಯಲ್ಲಿ ದಿನಕ್ಕೊಂದು ಥರ ಬರುತ್ತಿತ್ತು. ಕೆಲವು ತಿಂಗಳಾದ ಮೇಲೆ ನಮ್ಮ ವಿದೇಶಾಂಗ ಮಂತ್ರಿಗಳು ಇಸ್ತ್ರಿ ಮುರಿಯದ ಕೋಟು ಹಾಕಿಕೊಂಡು ಬಂದು, ನಮ್ಮ ದೇಶ ಯಾರ ಪರವೂ ಇಲ್ಲ, ಶಾಂತಿಯ ಪರ ಮಾತ್ರ ಇದೆ, ಆ ದೇಶಕ್ಕೆ ಇನ್ನು ಮುಂದೆ ಒಂದು ಮೊಳೆಯನ್ನೂ ಮಾರುವುದಿಲ್ಲ ಅಂತ ಘೋಷಿಸಿದರು. ನನಗೆ ನಿಜವಾಗಿಯೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಮಿಷನ್ ನಿಲ್ಲಿಸಿ ಕೇಳಿದೆ.

ಅಣ್ಣ ಟೀ ಲೋಟ ಕೆಳಗಿಟ್ಟು ಹುಬ್ಬು ಗಂಟಿಕ್ಕಿದ. "ಇಷ್ಟು ದಿನ ಮಾರ್ತಿದ್ವಿ ಅಂತ ಯಾವತ್ತಾದ್ರೂ ಹೇಳಿದ್ರಾ? ನಿಲ್ಲಿಸ್ತೀವಿ ಅನ್ನೋದನ್ನ ಮಾತ್ರ ಇಷ್ಟು ಜೋರಾಗಿ ಯಾಕೆ ಹೇಳ್ತಾರೆ?"

"ನಿನಗೆ ಒಳ್ಳೇದು ಕಂಡ್ರೆ ಆಗಲ್ಲ," ಅಂದೆ.

"ನೋಡೋಣ. ಪೆಟ್ಟಿಗೆ ಏನು ಹೇಳುತ್ತೋ ನೋಡೋಣ."

ಮುಂದಿನ ತಿಂಗಳು ಪೆಟ್ಟಿಗೆ ಹೇಳಿತು. ಮರಳು ದೇಶಕ್ಕೆ ತಿಂಗಳಿಗೆ ಇನ್ನೂರ ನಲವತ್ತು ಪೆಟ್ಟಿಗೆ ಹೋಗುತ್ತಿತ್ತು, ಅದು ನಿಂತಿತು. ಮಳೆ ದೇಶಕ್ಕೆ ವರ್ಷಕ್ಕೆ ಹತ್ತು ಪೆಟ್ಟಿಗೆ ಹೋದರೆ ಹೆಚ್ಚು. ಅಲ್ಲಿಂದ ಇದ್ದಕ್ಕಿದ್ದ ಹಾಗೆ ತಿಂಗಳಿಗೆ ಇನ್ನೂರ ನಲವತ್ತು ಪೆಟ್ಟಿಗೆಗೆ ಆರ್ಡರು ಬಂತು. ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಸರಕು ಪರೀಕ್ಷೆಗೆ ಖರೀದಿದಾರರ ಕಡೆಯಿಂದ ಬಂದವನೂ ಹಳಬನೇ. ಮರಳು ದೇಶದ ಕಾಲದಿಂದಲೂ ಬರುತ್ತಿದ್ದವನು, ಪೆಟ್ಟಿಗೆಯ ಸಂದಿಯನ್ನು ಉಗುರಿನಿಂದ ಕೆರೆದು ನೋಡುವ ಚಾಳಿಯವನು. ಶೆಡ್ಡಿನವರು ಅವನನ್ನು ಉಗುರಪ್ಪ ಅನ್ನುತ್ತಿದ್ದರು. ಈ ಸಲ ಮಳೆ ದೇಶದ ಹೆಸರಲ್ಲಿ ಬಂದವನು ಮೊದಲು ಮಾಡಿದ ಕೆಲಸ ಸಂದಿ ಕೆರೆದದ್ದು.

ಆ ಸಂಜೆ ಅಣ್ಣ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. "ಏನು ಕೇಳಿದ ಗೊತ್ತಾ? ಧೂಳು ಒಳಗೆ ಹೋಗಲ್ಲ ತಾನೆ ಅಂತ ಕೇಳಿದ. ವರ್ಷಕ್ಕೆ ಎಂಟು ತಿಂಗಳು ಮಳೆ ಸುರಿಯೋ ದೇಶದಲ್ಲಿ ಇವನಿಗೆ ಧೂಳಿನ ಚಿಂತೆ."

"ಇರಬಹುದಪ್ಪ, ಗೋಡೌನಲ್ಲಿ ಧೂಳು ಇರಲ್ವಾ?"

"ಇರುತ್ತೆ ಇರುತ್ತೆ. ಮಂತ್ರಿಗಳ ಮನೇಲೂ ಇರುತ್ತೆ."

ನನಗೆ ಅರ್ಥವಾಗದೆ ಇರಲಿಲ್ಲ. ಕಾಗದದ ಮೇಲೆ ಮಳೆ ದೇಶ, ಪೆಟ್ಟಿಗೆ ಹೋಗುವುದು ಮರಳು ದೇಶಕ್ಕೆ. ಆದರೆ ನಾನು ಹೊಲಿಗೆಯವಳು, ಅವನು ಮೊಳೆ ಹೊಡೆಯುವವನು. ಮಾತಾಡಿ ಏನು ಕಿತ್ತು ಹಾಕುತ್ತೀವಿ? ನಿವೃತ್ತಿಗೆ ಎರಡು ವರ್ಷವೂ ಇಲ್ಲ, ಬಾಯಿ ಮುಚ್ಚಿಕೊಂಡಿರು ಅಂದೆ. ಅವನು ಬಾಯಿ ಮುಚ್ಚಿಕೊಳ್ಳಲಿಲ್ಲ, ಆದರೆ ಮನೆಯೊಳಗೆ ಮಾತ್ರ ತೆರೆದ. ಟಿವಿಯಲ್ಲಿ ಮಂತ್ರಿಗಳು ಬಂದಾಗಲೆಲ್ಲ ಬೈದ, ಕಂಪನಿಯ ಅಧ್ಯಕ್ಷರು ಶಾಲೆಯೊಂದಕ್ಕೆ ಬೆಂಚು ದಾನ ಮಾಡಿದ ಫೋಟೋ ನೋಡಿ ಮೂಗು ಮುರಿದ. ಬೆಳಗಾದರೆ ಡಬ್ಬಿ ಹಿಡಿದು ಅದೇ ಶೆಡ್ಡಿಗೆ ಹೋದ.

ಮಳೆ ದೇಶದ ಚೀಟಿಯಲ್ಲಿ ಬರೆದಿದ್ದದ್ದು ಮಳೆ ದೇಶದ ಪ್ಯಾಕಿಂಗು. ಒಳಗೆ ತಗಡು ಹಾಕಿ, ಮೇಣ ಬೇಡ, ಟೇಪು ಬೇಡ, ಹಿಡಿ ಬೇಡ. ಮೊದಲ ಮೂರು ತಿಂಗಳು ಹಾಗೆಯೇ ಹೋಯಿತು. ನಾಲ್ಕನೇ ತಿಂಗಳು ಶೆಡ್ಡಿನ ಸೂಪರ್‌ವೈಸರು ಬೆಳಗಿನ ಟೀ ಹೊತ್ತಿಗೆ ಬಂದು, ಅಣ್ಣನೊಬ್ಬನನ್ನೇ ಪಕ್ಕಕ್ಕೆ ಕರೆದ. ಎಂಜಿನ್ನುಗಳು ತಿರುಗದೆ ಹಿಡಿದುಕೊಳ್ಳುತ್ತಿವೆಯಂತೆ, ಒಳಗೆ ಪುಡಿ ಸಿಗುತ್ತಿದೆಯಂತೆ. ಪೆಟ್ಟಿಗೆಗೆ ಹಿಡಿ ಇಲ್ಲದೆ ಜಾರಿ ಒಬ್ಬ ಕೂಲಿಯವನ ಪಾದ ಜಜ್ಜಿಹೋಯಿತಂತೆ. ಇಷ್ಟು ಹೇಳಿ, "ಸ್ವಲ್ಪ ನೋಡ್ಕೊಂಡು ಮಾಡಿ" ಅಂದ.

"ಏನು ನೋಡ್ಕೊಂಡು ಮಾಡ್ಬೇಕು ಸಾರ್? ಚೀಟೀಲಿ ಬರೆದು ಕೊಡಿ," ಅಂದನಂತೆ ಅಣ್ಣ.

"ನಿಮಗೆ ಗೊತ್ತಿಲ್ಲದ್ದು ಏನಿದೆ? ನೋಡ್ಕೊಂಡು ಮಾಡಿ," ಅಂತ ಹೇಳಿ ಅವನು ಲೋಟ ಅಲ್ಲೇ ಇಟ್ಟು ಹೋದ.

ಅಣ್ಣ ಎರಡು ದಿನ ಏನೂ ಮಾಡಲಿಲ್ಲ. ಮೂರನೇ ದಿನ ಬಂದು ನನ್ನ ಹತ್ತಿರ ಚೂರು ಬಟ್ಟೆ ಕೇಳಿದ. ನಾನು ಕತ್ತರಿ ಕೆಳಗಿಟ್ಟೆ.

"ಅಣ್ಣ, ಚೀಟೀಲಿ ಇಲ್ಲದ್ದನ್ನ ಮಾಡ್ಬೇಡ. ನೀನೇ ಹೇಳ್ತೀಯಲ್ಲ, ಬರೆದು ಕೊಡದ ಮಾತು ನಂಬಬಾರದು ಅಂತ."

"ಅವನ ಮಾತಿಗಲ್ಲ. ಒಬ್ಬನ ಪಾದ ಹೋಯ್ತಂತೆ."

"ಅದೂ ಅವನು ಹೇಳಿದ್ದೇ ತಾನೆ?"

"ಪೆಟ್ಟಿಗೆ ತೂಕ ನಂಗೊತ್ತು," ಅಂದ. "ಹಿಡಿ ಇಲ್ಲದೆ ಅದನ್ನ ಹೊತ್ರೆ ಏನಾಗುತ್ತೆ ಅಂತ ನಂಗೆ ಯಾರೂ ಹೇಳ್ಬೇಕಾಗಿಲ್ಲ."

ನಾನು ಬಟ್ಟೆ ಕೊಟ್ಟೆ. ಕೊಡದೆ ಇರಬಹುದಿತ್ತು. ಅವತ್ತಿನಿಂದ ಮಳೆ ದೇಶದ ಪೆಟ್ಟಿಗೆಗಳಿಗೆ ಮೇಣ, ಟೇಪು, ಹಗ್ಗದ ಹಿಡಿ, ಹಗ್ಗಕ್ಕೆ ಹಸಿರು ಚೌಕಳಿ ಬಟ್ಟೆ, ಎಲ್ಲ ಬಂತು. ಚೀಟಿ ಮಾತ್ರ ಹಳೆಯದೇ ಇತ್ತು. ಇಡೀ ಲೋಕವನ್ನು ಅನುಮಾನಿಸಿದ ಮನುಷ್ಯ ಮಾಡಿದ ತಪ್ಪು ಇದು. ಕೆಲಸವನ್ನು ಚೆನ್ನಾಗಿ ಮಾಡಿದ.

ಒಂದು ವರ್ಷದ ಮೇಲೆ ಆ ಫೋಟೋ ಬಂತು. ಹೊರದೇಶದ ಯಾವುದೋ ಪತ್ರಿಕೆಯವರು ತೆಗೆದದ್ದು. ನಮ್ಮ ಪೇಪರಿನ ಮೊದಲ ಪುಟದಲ್ಲೇ ಹಾಕಿದ್ದರು. ಮರಳು ದೇಶದ ಒಂದು ಊರಿನಲ್ಲಿ, ಸಂತೆಯ ಹೊತ್ತಿನಲ್ಲಿ, ಎಂಜಿನ್ನಿನ ಬಲದಿಂದ ಹಾರುವ ಬಾಂಬು ಬಿದ್ದಿತ್ತು. ಬಾಂಬಿನ ಚೂರುಗಳ ನಡುವೆ ಒಂದು ಸಣ್ಣ ಎಂಜಿನ್ನು, ಅದರ ಮೈಮೇಲೆ ನಮ್ಮ ಕಾರ್ಖಾನೆಯ ಗುರುತು. ಅದು ಒಂದು ಚಿತ್ರ. ಅದರ ಪಕ್ಕದಲ್ಲಿ ಇನ್ನೊಂದಿತ್ತು. ಅಲ್ಲಿನ ಜನಕ್ಕೆ ಮಂಚ ಸಿಗಲಿಲ್ಲವೋ ಏನೋ, ಖಾಲಿ ಪೆಟ್ಟಿಗೆಯೊಂದರಲ್ಲಿ ಯಾರನ್ನೋ ಮಲಗಿಸಿ, ಮೇಲೆ ದುಪ್ಪಟಿ ಹೊದಿಸಿ, ನಾಲ್ಕು ಜನ ಎತ್ತಿಕೊಂಡು ಓಡುತ್ತಿದ್ದರು. ಮೂಲೆಗೊಬ್ಬರು. ಪೆಟ್ಟಿಗೆಯ ಮೇಲೆ ಮಳೆ ದೇಶದ ವಿಳಾಸ, ಹಿಡಿಯಲ್ಲಿ ನನ್ನ ಹಸಿರು ಚೌಕಳಿ ಬಟ್ಟೆ.

ನಾನು ಆ ಬಟ್ಟೆಯನ್ನು ಮೊದಲು ನೋಡಿದೆ. ಅಣ್ಣ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಪಕ್ಕದಲ್ಲಿ ಯಾರ ಜಾಹೀರಾತಿದೆ ಅಂತ ಅವತ್ತು ನೋಡಲಿಲ್ಲ. "ಗಂಟು ಬಿಚ್ಚಿಲ್ಲ," ಅಂದ. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತ. ಅವನು ಅಳುವುದನ್ನು ಅತ್ತಿಗೆ ಸತ್ತಾಗಲೂ ನಾನು ಕೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಕೈ ತೊಳೆದುಕೊಂಡಾಗಿತ್ತು. ಮಂತ್ರಿಗಳು ಆಘಾತವಾಗಿದೆ ಅಂದರು. ಕಂಪನಿಯವರು, ನಾವು ರೈತರ ಸೇವೆಯಲ್ಲಿರುವವರು, ನಮ್ಮ ಎಂಜಿನ್ನುಗಳು ಮಳೆ ದೇಶಕ್ಕೆ ಹೋಗಿದ್ದಕ್ಕೆ ಕಾಗದವಿದೆ, ಅಲ್ಲಿಂದ ಮುಂದಿನದು ನಮಗೆ ತಿಳಿಯದು ಅಂದರು. ಉಗುರಪ್ಪ ಯಾವ ದೇಶದಲ್ಲಿದ್ದಾನೆ ಅಂತ ಯಾರಿಗೂ ಗೊತ್ತಿಲ್ಲ. ಸರ್ಕಾರ ಮೂವರ ತನಿಖಾ ಸಮಿತಿ ಮಾಡಿತು. ಸಮಿತಿ ಮೊದಲು ಕೇಳಿದ ಪ್ರಶ್ನೆ: ಕಂಪನಿಯ ಚೀಟಿಯಲ್ಲಿ ಇಲ್ಲದ ಹಗ್ಗದ ಹಿಡಿ ಪೆಟ್ಟಿಗೆಗೆ ಹೇಗೆ ಬಂತು? ಅದನ್ನು ಹಾಕಿದವನಿಗೆ ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರಲೇಬೇಕಲ್ಲ?

ಅಲ್ಲಿಗೆ ನನಗೆ ತಿಳಿದುಹೋಯಿತು. ಎಂಜಿನ್ನು ಮಾಡಿದವರು, ಮಾರಿದವರು, ಕೊಳ್ಳಲು ಬಿಟ್ಟವರು, ಸಹಿ ಹಾಕಿದವರು ಎಲ್ಲರಿಗೂ ಕಾಗದವಿದೆ. ಕಾಗದವಿಲ್ಲದ ಕೆಲಸ ಮಾಡಿದವನು ನಮ್ಮಣ್ಣ ಒಬ್ಬನೇ. ತಲೆದಂಡ ಅವನದೇ. ನಿವೃತ್ತಿಗೆ ಆಗ ಎಂಟು ತಿಂಗಳಿತ್ತು. ಕೆಲಸ ಹೋಗುತ್ತದೆ, ಪಿಂಚಣಿ ಹೋಗುತ್ತದೆ, ಜೈಲಾದರೂ ಆಗಬಹುದು ಅಂತ ಪಕ್ಕದ ಬೀದಿಯ ವಕೀಲರು ಹೇಳಿದರು.

ವಿಚಾರಣೆಗೆ ಮೂರು ದಿನ ಮುಂಚೆ ಕಂಪನಿಯ ಸಿಬ್ಬಂದಿ ಅಧಿಕಾರಿ ನನ್ನ ಹೊಲಿಗೆ ಕೋಣೆಗೆ ಬಂದರು. ಅಣ್ಣ ಮನೆಯಲ್ಲಿ ಇಲ್ಲದ ಹೊತ್ತು ನೋಡಿಯೇ ಬಂದಿದ್ದರು. ಬಹಳ ಮರ್ಯಾದೆಯ ಮನುಷ್ಯ. ಸ್ಟೂಲಿನ ಮೇಲೆ ಮೊಣಕಾಲು ಜೋಡಿಸಿ ಕೂತು, ಟೀ ಕುಡಿದು, ನಾನು ಹಾಕಿದ ಕಾಜಾ ನೋಡಿ ಹೊಗಳಿದರು.

"ಅಮ್ಮ, ನಿಮ್ಮ ಅಣ್ಣನವರು ನಮಗೂ ಹಿರಿಯರೇ. ಅವರಿಗೆ ತೊಂದರೆ ಆಗಬಾರದು. ಒಂದೇ ಒಂದು ಮಾತು ಹೇಳಿದ್ರೆ ಸಾಕು. ದೀರ್ಘಕಾಲದ ಅಭ್ಯಾಸಬಲದಿಂದ ಹಿಡಿ ಹಾಕಿದೆ, ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿರಲಿಲ್ಲ ಅಂತ. ಅಲ್ಲಿಗೆ ಮುಗೀತು. ಅವರು ನಿಮ್ಮ ಮಾತು ಕೇಳ್ತಾರೆ."

"ಅವನು ಯಾರ ಮಾತೂ ಕೇಳಲ್ಲ ಸಾರ್," ಅಂದೆ.

"ಅದು ನಮಗೂ ಗೊತ್ತು," ಅಂದು ನಕ್ಕರು. "ನೀವು ಹೇಳಿ ನೋಡಿ." ಏಳುವಾಗ, ಕಾರ್ಖಾನೆಯ ಮುನ್ನೂರು ಜನಕ್ಕೆ ಹೊಸ ಯೂನಿಫಾರಂ ಹೊಲಿಸಬೇಕಾಗಿದೆ, ಕೆಲಸ ಅಚ್ಚುಕಟ್ಟಾಗಿ ಮಾಡೋರನ್ನ ಹುಡುಕ್ತಾ ಇದ್ದೀವಿ ಅಂತ ಗಾಳಿಯಲ್ಲಿ ಒಂದು ಮಾತು ಬಿಟ್ಟು ಹೋದರು.

ನಾನು ಆ ಯೂನಿಫಾರಂ ಆಸೆಗೆ ಹೇಳಿದೆನಾ, ಅಣ್ಣನ ಮೇಲಿನ ಪ್ರೀತಿಗೆ ಹೇಳಿದೆನಾ ಅಂತ ಯಾರಾದರೂ ಕೇಳಿದರೆ, ಪ್ರೀತಿಗೇ ಅಂತ ಪ್ರಮಾಣ ಮಾಡುತ್ತೇನೆ. ಆದರೆ ಮುನ್ನೂರು ಅನ್ನುವ ಸಂಖ್ಯೆ ನನ್ನ ತಲೆಯಲ್ಲಿ ಆ ಸಂಜೆಯವರೆಗೂ ಓಡಾಡುತ್ತಿತ್ತು ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ಅಣ್ಣ ಸಂಜೆ ಬಂದವನು ಅಡಿಗೆಮನೆಗೆ ಹೋಗಿ ಹೊರಗೆ ಬಂದ. "ಯಾರು ಬಂದಿದ್ರು?"

"ಅಳತೆ ಕೊಡೋಕೆ ಯಾರೋ ಬಂದಿದ್ರು."

"ಅಳತೆ ಕೊಡೋಕೆ ಬಂದೋರಿಗೆ ಹೂವಿನ ಕಪ್ಪಲ್ಲಿ ಟೀ ಕೊಡ್ತೀಯಾ?"

ನಾಲಿಗೆ ಕಚ್ಚಿಕೊಂಡೆ. ಮಾತು ಬದಲಿಸಲು ಹೋಗಿ ನೇರ ವಿಷಯಕ್ಕೇ ಬಂದುಬಿಟ್ಟೆ. "ಅಣ್ಣ, ದೀರ್ಘಕಾಲದ ಅಭ್ಯಾಸಬಲದಿಂದ ಹಾಕಿದೆ ಅಂತ ಹೇಳಿಬಿಡು. ಎಲ್ಲಿಗೆ ಹೋಗುತ್ತೆ ಗೊತ್ತಿರಲಿಲ್ಲ ಅನ್ನು. ನಿನ್ನ ಕಾಲು ಹಿಡಿತೀನಿ."

ಅವನು ನನ್ನನ್ನು ನೋಡಿದ. ಹಾಲಿನವನನ್ನು, ಡಾಕ್ಟರನ್ನು, ಮಂತ್ರಿಯನ್ನು ನೋಡುತ್ತಿದ್ದ ಅದೇ ನೋಟ. ನನ್ನ ಮೇಲೆ ಅದು ಯಾವತ್ತೂ ಬಿದ್ದಿರಲಿಲ್ಲ.

"ಇದು ನಿನ್ನ ಮಾತಲ್ಲ," ಅಂದ. "ಯಾರು ಕೊಟ್ಟು ಹೋದ್ರು ಇದನ್ನ? ಬದಲಿಗೆ ಏನು ಕೊಡ್ತೀನಿ ಅಂದ್ರು?"

"ನಿನ್ನ ಒಳ್ಳೇದಕ್ಕೆ ಹೇಳಿದ್ರೂ ಅನುಮಾನ. ಒಡಹುಟ್ಟಿದೋಳು ನಾನು."

"ಅದಕ್ಕೇ ನಿನ್ನ ಹತ್ರ ಬಂದಿದ್ದಾರೆ. ಕಂಪನಿ ನಾನು ಏನು ಹೇಳ್ಬೇಕು ಅಂತ ಕೇಳ್ಕೊಳ್ತಿದೆಯೋ, ನಾನು ಅದನ್ನ ಬಿಟ್ಟು ಬೇರೇದು ಹೇಳ್ಬೇಕು. ಅದಂತೂ ಖಂಡಿತ."

ನಾನು ಸಿಟ್ಟಿನಲ್ಲಿ ಅತ್ತು ಮಲಗಿದೆ. ಬೆಳಿಗ್ಗೆ ಇಬ್ಬರೂ ಮಾತಾಡಲಿಲ್ಲ, ಮಾರನೆಯ ದಿನವೂ ಇಲ್ಲ. ಡಬ್ಬಿ ಕಟ್ಟಿ ಬಾಗಿಲ ಹತ್ತಿರ ಇಡುತ್ತಿದ್ದೆ, ಅವನು ತೆಗೆದುಕೊಂಡು ಹೋಗುತ್ತಿದ್ದ.

ವಿಚಾರಣೆ ನಡೆದದ್ದು ಕಾರ್ಖಾನೆಯ ಸಭಾ ಕೋಣೆಯಲ್ಲಿ. ಯಾರೂ ಕರೆಯದಿದ್ದರೂ ನಾನು ಹೋದೆ. ಹೊರಗಿನ ಬೆಂಚಿನ ಮೇಲೆ ಕೂತೆ. ಸೆಕೆಗೆ ಬಾಗಿಲು ತೆರೆದೇ ಇತ್ತು, ಒಳಗಿನ ಮಾತೆಲ್ಲ ಕೇಳುತ್ತಿತ್ತು. ಉದ್ದ ಮೇಜಿನ ಆಚೆ ಸಮಿತಿಯ ಮೂವರು, ಈಚೆ ಕಂಪನಿಯ ವಕೀಲರು, ಸೂಪರ್‌ವೈಸರು, ಸಿಬ್ಬಂದಿ ಅಧಿಕಾರಿ. ನಡುವೆ ಒಂದು ಕುರ್ಚಿಯಲ್ಲಿ ಅಣ್ಣ, ನಾನೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

"ಹಿಡಿ ಹಾಕಿದ್ದು ನೀವೇನಾ?" ಅಂತ ಸಮಿತಿಯ ಹಿರಿಯರು ಕೇಳಿದರು.

"ನಾನೇ."

"ಯಾಕೆ ಹಾಕಿದ್ರಿ? ಅಭ್ಯಾಸದಿಂದ ಹಾಕಿದ್ರಾ?"

ಹೇಳು ಅಂತ ನಾನು ಹೊರಗೆ ಕೂತು ಮನಸ್ಸಿನಲ್ಲೇ ಬೇಡಿಕೊಂಡೆ.

"ಅಭ್ಯಾಸ ಅಲ್ಲ. ಮೊದಲು ಮೂರು ತಿಂಗಳು ಹಾಕಿರಲಿಲ್ಲ. ಆಮೇಲೆ ಹಾಕ್ದೆ. ಪೆಟ್ಟಿಗೆ ಮರಳು ದೇಶಕ್ಕೆ ಹೋಗುತ್ತೆ ಅಂತ ಗೊತ್ತಿತ್ತು, ಅದಕ್ಕೆ ಹಾಕ್ದೆ."

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಪೆಟ್ಟಿಗೆ ಲೆಕ್ಕ ಅದೇ, ನೋಡೋಕೆ ಬಂದ ಮನುಷ್ಯ ಅವನೇ. ಸೂಪರ್‌ವೈಸರು ಬಂದು ಪುಡಿ ಸಿಗ್ತಿದೆ, ನೋಡ್ಕೊಂಡು ಮಾಡಿ ಅಂದ್ರು. ಇಲ್ಲಿ ಕೂತಿರೋ ಎಲ್ಲರಿಗೂ ಗೊತ್ತಿತ್ತು ಸಾರ್."

ಸೂಪರ್‌ವೈಸರು ಎದ್ದು ನಿಂತ. "ನೋಡ್ಕೊಂಡು ಮಾಡಿ ಅಂತ ನಾನು ದಿನಾ ಎಲ್ಲರಿಗೂ ಹೇಳ್ತೀನಿ ಸಾರ್. ಕಸ ಗುಡಿಸೋರಿಗೂ ಹೇಳ್ತೀನಿ." ಅದು ಸುಳ್ಳಲ್ಲ. ಯಾರೋ ನಕ್ಕರು.

"ಗೊತ್ತಿದ್ದೂ ಯಾಕೆ ಪ್ಯಾಕ್ ಮಾಡ್ತಾ ಇದ್ರಿ?" ಅಂತ ಸಮಿತಿಯಲ್ಲಿದ್ದ ಹೆಂಗಸು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದರು.

ಮನೆಯಲ್ಲಿ ಟಿವಿ ಮುಂದೆ ಅಷ್ಟು ಮಾತಾಡುತ್ತಿದ್ದ ಮನುಷ್ಯ ತಲೆ ತಗ್ಗಿಸಿ ಕೂತ. ಕೊನೆಗೆ, "ಮನೇಲಿ ಬೈತಿದ್ದೆ," ಅಂದ. ಮತ್ತೆ ಯಾರೋ ನಕ್ಕರು. ನನಗೆ ಒಳಗೆ ನುಗ್ಗಿ ನಕ್ಕವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಸಿಬ್ಬಂದಿ ಅಧಿಕಾರಿ ನಗಲಿಲ್ಲ. ಅವರು ಪೆನ್ನಿನ ಕ್ಯಾಪು ಮುಚ್ಚಿ ಜೇಬಿಗೆ ಸಿಕ್ಕಿಸಿಕೊಳ್ಳುತ್ತಿದ್ದರು.

ವರದಿ ಬರಲು ಐದು ವಾರ ಹಿಡಿಯಿತು. ಪೇಪರಿನಲ್ಲಿ ಅದರ ಸಾರಾಂಶ ಹಾಕಿದ್ದರು. ಸರ್ಕಾರದ ನೀತಿಯಲ್ಲಿ ಲೋಪವಿಲ್ಲ. ಕಂಪನಿಯ ದಾಖಲೆಗಳು ಕ್ರಮಬದ್ಧವಾಗಿವೆ. ಸರಕು ಎಲ್ಲಿಗೆ ತಲುಪುತ್ತದೆ ಎಂಬ ತಿಳಿವಳಿಕೆ ಪ್ಯಾಕಿಂಗ್ ವಿಭಾಗದ ಒಬ್ಬ ಕಾರ್ಮಿಕನಿಗೆ ಮಾತ್ರ ಇತ್ತು; ಆತ ಖರೀದಿದಾರರ ಪ್ರತಿನಿಧಿಯ ಜೊತೆ ಸೇರಿ, ಆದೇಶ ಮೀರಿ ಪ್ಯಾಕಿಂಗ್ ಬದಲಿಸಿದ್ದಾನೆ ಎಂದು ಸ್ವತಃ ಒಪ್ಪಿಕೊಂಡಿದ್ದಾನೆ. ಮಂತ್ರಿಗಳು ಟಿವಿಯಲ್ಲಿ, ತಪ್ಪಿತಸ್ಥರ ಮೇಲೆ ಕ್ರಮ ಆಗಿದೆ, ನಮ್ಮ ದೇಶ ಯಾರ ಪರವೂ ಇಲ್ಲ ಅಂದರು. ಇಡೀ ದೇಶದಲ್ಲಿ ವಿದೇಶಾಂಗ ನೀತಿ ಪೂರ್ತಿ ಗೊತ್ತಿದ್ದವನು ಎಂಟನೇ ಕ್ಲಾಸು ಓದಿದ ನಮ್ಮಣ್ಣ ಒಬ್ಬನೇ ಅಂತ ಆಯಿತು. ಅವನ ಕೆಲಸ ಹೋಯಿತು, ಪಿಂಚಣಿ ಹೋಯಿತು. ವಯಸ್ಸು ನೋಡಿ ಜೈಲು ಬೇಡ ಅಂತ ಸಮಿತಿ ಶಿಫಾರಸು ಮಾಡಿತ್ತು. ಬೀದಿಯಲ್ಲಿ ಕೆಲವರು ಅವನನ್ನು ಕಂಡರೆ ಆಚೆ ಬದಿಗೆ ದಾಟತೊಡಗಿದರು.

ಅವನು ಎದೆಗುಂದಿದ ಹಾಗೆ ಕಾಣಲಿಲ್ಲ. "ಏನಾದ್ರೂ ಆಗ್ಲಿ, ಅವರು ಹೇಳಿಕೊಟ್ಟದ್ದನ್ನ ಹೇಳ್ಲಿಲ್ಲ," ಅಂತ ಎರಡು ಮೂರು ಸಲ ಅಂದ. ಆ ಒಂದು ಮಾತಿನ ಮೇಲೆ ಅವನು ನೆಟ್ಟಗೆ ನಿಂತಿದ್ದ. ನಾನೂ ಮತ್ತೆ ಅವನ ಜೊತೆ ಮಾತಾಡತೊಡಗಿದೆ. ಯೂನಿಫಾರಂ ವಿಷಯ ಹೇಗೂ ಮುಗಿಯಿತು, ನಾನು ಅದನ್ನು ಹೇಳದಿದ್ದರೂ ನಡೆಯುತ್ತದೆ ಅಂದುಕೊಂಡೆ.

ವರದಿ ಬಂದ ನಾಲ್ಕನೇ ದಿನ ಮನೆ ಮುಂದೆ ಕಂಪನಿಯ ವ್ಯಾನು ನಿಂತಿತು. ಇಬ್ಬರು ಇಳಿದು ನೀಲಿ ಬಟ್ಟೆಯ ಥಾನುಗಳನ್ನು ಒಳಗೆ ತಂದು ಒಂದರ ಮೇಲೊಂದು ಪೇರಿಸಿದರು. ಜೊತೆಗೆ ಮುನ್ನೂರು ಜನರ ಅಳತೆಯ ಪಟ್ಟಿ. ಎಲ್ಲೋ ತಪ್ಪಾಗಿದೆ, ಅಣ್ಣ ಆ ಮಾತು ಹೇಳಲೇ ಇಲ್ಲವಲ್ಲ ಅಂದುಕೊಂಡು ಸಿಬ್ಬಂದಿ ಅಧಿಕಾರಿಗೆ ಫೋನು ಮಾಡಿದೆ.

"ತಪ್ಪೇನಿಲ್ಲಮ್ಮ," ಅಂದರು, ಅದೇ ಮರ್ಯಾದೆಯ ದನಿಯಲ್ಲಿ. "ನೀವು ಅವರಿಗೆ ಹೇಳಿದ್ರಲ್ಲ?"

"ಹೇಳಿದೆ ಸಾರ್. ಆದ್ರೆ ಅವನು ಕೇಳ್ಲಿಲ್ಲ. ಅದರ ಉಲ್ಟಾ ಹೇಳ್ಬಿಟ್ಟ."

"ನೀವು ಹೇಳಿದ್ರಿ, ಅಷ್ಟು ಸಾಕು. ಅವರ ಸ್ವಭಾವ ನಮಗೆ ಹೊಸದಲ್ಲ. ಹೊಲಿಗೆ ಶುರು ಮಾಡಿ."

ಫೋನು ಇಟ್ಟು ಥಾನುಗಳ ಮುಂದೆ ಕೂತೆ. ನಿಧಾನವಾಗಿ ತಲೆಗೆ ಹೋಯಿತು. ಅಭ್ಯಾಸ ಅಂದಿದ್ದರೆ ಆ ಮಾತು ಸಮಿತಿಯ ಮುಂದೆ ನಿಲ್ಲುತ್ತಿರಲಿಲ್ಲ. ಮೊದಲ ಮೂರು ತಿಂಗಳು ಹಿಡಿ ಇರಲಿಲ್ಲವಲ್ಲ, ಆಮೇಲೆ ಹಾಕಲು ಹೇಳಿದವರು ಯಾರು ಅಂತ ಸಮಿತಿ ಮೇಲಿನವರನ್ನು ಕೆದಕುತ್ತಿತ್ತು. ಕಂಪನಿಗೆ ಬೇಕಾಗಿದ್ದದ್ದು "ನನಗೆ ಗೊತ್ತಿತ್ತು" ಅನ್ನುವ ಒಬ್ಬ ಮನುಷ್ಯ. ಗೊತ್ತಿತ್ತು ಅನ್ನು ಅಂತ ನೇರವಾಗಿ ಕೇಳಿದ್ದರೆ ಅಣ್ಣ ಸಾಯುವವರೆಗೂ ಹೇಳುತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನು ಅಂತ ಹೇಳಿಸಿದರು, ಅದೂ ನನ್ನ ಬಾಯಲ್ಲಿ. ಮಿಕ್ಕದ್ದನ್ನು ಅವನ ಅನುಮಾನಕ್ಕೆ ಬಿಟ್ಟರು.

ಅಣ್ಣ ಪೇಟೆಯಿಂದ ಬಂದಾಗ ನಾನು ಅಲ್ಲೇ ಕೂತಿದ್ದೆ. ಎಲ್ಲ ಹೇಳಿದೆ. ಹೂವಿನ ಕಪ್ಪು, ಮುನ್ನೂರು ಯೂನಿಫಾರಂ, ಫೋನಿನಲ್ಲಿ ಅಧಿಕಾರಿ ಅಂದದ್ದು, ಒಂದೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಅವನ ಕಾಲ ಹತ್ತಿರ ಕೂತುಬಿಟ್ಟೆ. ಅವನು ಸಿಟ್ಟಾಗುತ್ತಾನೆ, ನನ್ನನ್ನು ಮತ್ತೆ ಆ ನೋಟದಲ್ಲಿ ನೋಡುತ್ತಾನೆ ಅಂತ ಕಾಯುತ್ತಿದ್ದೆ.

ಅವನು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತ. ಥಾನುಗಳ ಕಡೆ ನೋಡಲೂ ಇಲ್ಲ. ನನ್ನ ತಲೆ ಮೇಲೆ ಕೈಯಿಟ್ಟು, "ನೀನು ಬಂದು ಹೇಳದೆ ಇದ್ದಿದ್ರೂ ನಾನು ಅಲ್ಲಿ ಅದನ್ನೇ ಹೇಳ್ತಿದ್ದೆ. ಸುಮ್ನೆ ತಲೆ ಕೆಡಿಸ್ಕೋಬೇಡ," ಅಂದ.

ಥಾನುಗಳನ್ನು ಮಾರನೆಯ ದಿನವೇ ವಾಪಸು ಕಳಿಸಿದೆ. ಅದೇನೂ ದೊಡ್ಡ ಕೆಲಸವಲ್ಲ. ಅವನು ಯಾರನ್ನೂ ನಂಬುವುದಿಲ್ಲ ಅಂತ ಮೂವತ್ತು ವರ್ಷ ನಕ್ಕವಳು ನಾನು. ಈಗ ಅವನು ನನಗೆ ಹೇಳಿದ ಆ ಒಂದು ಮಾತನ್ನು ದಿನಕ್ಕೆ ಹತ್ತು ಸಲ ಎಳೆದು ನೋಡುತ್ತೇನೆ. ನಂಬಲು ಆಗುತ್ತಿಲ್ಲ.